ಪ್ರಸಂಗದ ಪುಸ್ತಕವೂ ಜಾಲಪುಟವೂ: ಮಲೆನಾಡಿನ ತಾಳಮದ್ದಳೆಯನ್ನು ಕುರಿತು ಒಂದು ವಿಮರ್ಶೆ

ವಿನೋದಕ್ಕಾಗಿ ಕಲಿಯುವ ವಿದ್ಯೆಗಳನ್ನು ಗ್ರಂಥಸ್ಥವಾಗಿ ಮಾಡುವ ಪದ್ಧತಿ ಕರ್ಣಾಟಕಕ್ಕೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿನೋದಗಳಿಗೂ ಕ್ರೀಡೆಗಳಿಗೂ ಒಂದೊಂದು ವಿಂಶತಿಯೇ ಮೀಸಲಾಗಿದೆ. ಆದರೆ ಅದು ಅರಸನ ವಿನೋದ. ಅಡಕೆಯ ತೋಟವನ್ನೋ ಪಾಠಶಾಲೆಯ ಕೆಲಸವನ್ನೋ ನೋಡಿಕೊಂಡು, ಬಿಡುವಾದ ರಾತ್ರಿಗಳಲ್ಲಿ ಒಂದು ಕಲೆಯನ್ನು ಹಿಡಿದುಕೊಂಡಿರುವ ಸಾಮಾನ್ಯ ಗೃಹಸ್ಥನಿಗೆ ಅಂತಹ ಮಹಾಗ್ರಂಥವನ್ನು ಯಾರೂ ಬರೆದುಕೊಡಲಿಲ್ಲ. ಯಕ್ಷಗಾನದ ಹವ್ಯಾಸಿಗೆ ದೊರೆತದ್ದು ಕಿರಿದಾದ ಅಚ್ಚಿನ ಪ್ರಸಂಗಪುಸ್ತಕವೊಂದೇ. ಈಚಿನ ವರ್ಷಗಳಲ್ಲಿ ಆ ಪ್ರಸಂಗವು ಅಂತರ್ಜಾಲಕ್ಕೂ ಏರಿದೆ. ಭಾಗವತನ ಮುಂದೆ ಪುಸ್ತಕವಿದ್ದೆಡೆಯಲ್ಲಿ ಕೈಫೋನಿನ ಬೆಳಕು ಕಾಣುತ್ತಿದೆ. ಇವೆರಡರ ತಾರತಮ್ಯವನ್ನು ಕುರಿತು ವಾದಗಳು ಬೇಕಾದಷ್ಟು ನಡೆದಿವೆ. ಪುಸ್ತಕದ ಪಕ್ಷದವರು ಕಾಗದದ ವಾಸನೆಯನ್ನೂ ಜಾಲದ ಪಕ್ಷದವರು ವೇಗವನ್ನೂ ಹೊಗಳಿ ಸುಮ್ಮನಾಗುತ್ತಾರೆ. ಅದರಿಂದ ವಿಷಯವು ಇತ್ಯರ್ಥವಾಗುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳ ತಾಳಮದ್ದಳೆಯ ಬಳಕೆಯನ್ನು ಮುಂದಿಟ್ಟುಕೊಂಡು, ಈ ಎರಡು ಸಾಧನಗಳು ಹವ್ಯಾಸಿಗೆ ನಿಜವಾಗಿ ಏನನ್ನು ಕಲಿಸುತ್ತವೆ, ಏನನ್ನು ಕಲಿಸದೆ ಬಿಡುತ್ತವೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ಮೂರು ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ಮೇಲಣ ಪಾತ್ರದಲ್ಲಿವೆ. ಶೃಂಗೇರಿಯು ತುಂಗೆಯ ದಡದಲ್ಲಿಯೂ, ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರು ಭದ್ರೆಯ ದಡದಲ್ಲಿಯೂ ಇವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯು 1904ರಲ್ಲಿ ಕುವೆಂಪು ಅವರು ಜನಿಸಿದ ಸ್ಥಳವೆಂಬುದು ವಾಚಕರಿಗೆ ಸುವಿದಿತವೇ. ಆಗುಂಬೆಯ ಘಾಟಿಯಿಂದ ಉಡುಪಿಯ ಕಡೆಗೂ, ಕೆರೆಕಟ್ಟೆಯ ದಾರಿಯಿಂದ ಕಾರ್ಕಳದ ಕಡೆಗೂ ಇಳಿಯಬಹುದಾದುದರಿಂದ ಕರಾವಳಿಯ ಯಕ್ಷಗಾನದ ಎರಡು ತಿಟ್ಟುಗಳ ಗಾಳಿಯೂ ಇಲ್ಲಿಗೆ ಬೀಸುತ್ತದೆ. ವೇಷ ಕಟ್ಟಿ ಕುಣಿಯುವ ಬಯಲಾಟವು ಮಳೆ ಹಿಡಿದೊಡನೆ ನಿಂತುಹೋಗುವುದು. ಆಗ ಉಳಿಯುವುದು ತಾಳಮದ್ದಳೆ. ಬಣ್ಣವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತ, ಮದ್ದಳೆ, ಚೆಂಡೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು. ಮನೆಯ ಜಗುಲಿಯೋ ದೇವಸ್ಥಾನದ ಪೌಳಿಯೋ ಸಾಕು. ಹೊರಗೆ ಮಳೆ ಸುರಿಯುತ್ತಿರುವಾಗ ಒಳಗೆ ವಾಲಿಯು ರಾಮನನ್ನು ಪ್ರಶ್ನಿಸುತ್ತಾನೆ. ಭಾಗವಹಿಸುವವರಲ್ಲಿ ಹೆಚ್ಚಿನವರು ವ್ಯವಸಾಯೀ ಮೇಳದವರಲ್ಲ. ತೋಟದವರು, ಉಪಾಧ್ಯಾಯರು, ಅಂಗಡಿಯವರು, ಪುರೋಹಿತರು. ‘ಹವ್ಯಾಸಿ’ ಎಂಬ ಶಬ್ದವು ಯಕ್ಷಗಾನದ ಪರಿಭಾಷೆಯಲ್ಲಿ ‘ವ್ಯವಸಾಯಿ’ ಎಂಬುದಕ್ಕೆ ಪ್ರತಿಯಾಗಿ ನಿಂತಿರುವುದೂ ಇಂಥವರನ್ನು ಕುರಿತೇ.

ಪ್ರಸಂಗವೆಂಬ ಗ್ರಂಥದ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಮುಂದಿನ ವಿಚಾರವೆಲ್ಲವೂ ಅದನ್ನೇ ಅವಲಂಬಿಸಿದೆ. ಪ್ರಸಂಗದಲ್ಲಿರುವುದು ಪದ್ಯಗಳು ಮಾತ್ರ. ಭಾಮಿನಿ ವಾರ್ಧಕ ಷಟ್ಪದಿಗಳು, ಕಂದ, ವೃತ್ತ, ದ್ವಿಪದಿ, ಮತ್ತು ಹೆಚ್ಚಿನ ಪಾಲು ರಾಗತಾಳಬದ್ಧವಾದ ಹಾಡುಗಳು. ಪ್ರತಿಯೊಂದು ಹಾಡಿನ ತಲೆಯಲ್ಲಿ ಕಾಂಭೋಜಿ, ಭೈರವಿ, ಸಾವೇರಿ, ಘಂಟಾರವ ಎಂದು ರಾಗದ ಹೆಸರೂ, ಝಂಪೆ, ಅಷ್ಟ, ಏಕ, ತ್ರಿವುಡೆ ಎಂದು ತಾಳದ ಹೆಸರೂ ಇರುತ್ತವೆ. ಅಷ್ಟೇ. ಅರ್ಥಧಾರಿಯು ಆಡತಕ್ಕ ಮಾತು ಒಂದಾದರೂ ಪುಸ್ತಕದಲ್ಲಿಲ್ಲ. ದೇವಿದಾಸನ ಕೃಷ್ಣಸಂಧಾನವನ್ನು ಮೊದಲಿನಿಂದ ಕಡೆಯವರೆಗೆ ಓದಿದವನಿಗೆ ಕೌರವನ ಸಭೆಯಲ್ಲಿ ಕೃಷ್ಣನು ಯಾವ ಯುಕ್ತಿಯನ್ನು ಎಷ್ಟು ವಿಸ್ತರಿಸಿದನೆಂಬುದು ತಿಳಿಯುವುದಿಲ್ಲ. ಪದ್ಯವು ಹೇಳಿದಷ್ಟು ತಿಳಿಯುತ್ತದೆ. ನಾಲ್ಕು ಸಾಲಿನ ಹಾಡಿಗೆ ಅರ್ಧಗಂಟೆಯ ಅರ್ಥವನ್ನು ಹೊಂದಿಸುವ ಭಾರವು ಮಾತಾಡುವವನದು. ಹೀಗಿರಲಾಗಿ ಪ್ರಸಂಗಪುಸ್ತಕವು ಪೂರ್ಣವಾದ ನಾಟಕವೂ ಅಲ್ಲ, ಕಲಿಕೆಯ ಕೈಪಿಡಿಯೂ ಅಲ್ಲ.

ಅಚ್ಚಿನ ಪ್ರಸಂಗಗಳಿಂದಾದ ಉಪಕಾರವು ಅಲ್ಪವಲ್ಲ. ಉಡುಪಿಯ ಪಾವಂಜೆ ಗುರುರಾವ್ ಮತ್ತು ಸನ್ಸ್ ಅವರು ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದ ಮೂಲಕ ಪ್ರಕಟಿಸಿದ ಪ್ರಸಂಗಗಳು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮನೆಮನೆಗೆ ತಲುಪಿದವು. ಓಲೆಯ ಕಟ್ಟನ್ನು ಬೇಡಿ ತಂದು ರಾತ್ರಿಯೆಲ್ಲ ಕುಳಿತು ನಕಲು ಮಾಡಬೇಕಾಗಿದ್ದ ಶ್ರಮವು ಅಲ್ಲಿಗೆ ತೀರಿತು. ಪುಸ್ತಕದ ಪಕ್ಷಪಾತಿಗಳು ಇದನ್ನು ಹೇಳುವಾಗ ಇನ್ನೊಂದು ಮಾತನ್ನು ಮರೆಯುತ್ತಾರೆ. ಈ ಅಗ್ಗದ ಪುಸ್ತಕಗಳು ಸಂಶೋಧಿತ ಆವೃತ್ತಿಗಳಾಗಿರಲಿಲ್ಲ. ಯಾವ ಓಲೆಯಿಂದ ಪಾಠವನ್ನು ಸ್ವೀಕರಿಸಿತು, ಎಷ್ಟು ಪ್ರತಿಗಳನ್ನು ಹೋಲಿಸಿತು ಎಂಬುದನ್ನು ಹೇಳುವ ಪೀಠಿಕೆ ಅಂಥ ಪುಸ್ತಕಗಳಲ್ಲಿ ಅಪೂರ್ವ. ಕವಿಯ ಹೆಸರಿನ ವಿಷಯದಲ್ಲಿಯೂ ಮುಖಪುಟವನ್ನು ನೆಚ್ಚುವಂತಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಕಾಲ ಕರ್ತೃತ್ವಗಳನ್ನು ಕುರಿತು ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣಭಟ್ಟ ಮೊದಲಾದ ವಿದ್ವಾಂಸರು ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಪ್ರತಿಪಾದಿಸಬೇಕಾಯಿತೆಂಬುದೇ ಈ ಅವ್ಯವಸ್ಥೆಗೆ ಸಾಕ್ಷಿ. ಕಾರಂತರ ‘ಯಕ್ಷಗಾನ ಬಯಲಾಟ’ ಹೊರಬಂದದ್ದು 1957ರಲ್ಲಿ. ಅದಕ್ಕೂ ಬಹು ಮುಂಚಿನಿಂದಲೇ ಜನರು ಅಚ್ಚಿನ ಪ್ರಸಂಗವನ್ನು ಪ್ರಮಾಣವೆಂದು ಕಣ್ಣಿಗೊತ್ತಿಕೊಂಡು ಹಾಡುತ್ತಿದ್ದರು.

ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದಿದೆ. ಓಲೆಯ ಕಾಲದಲ್ಲಿ ಸೀಮೆಗೊಂದು ಮನೆಗೊಂದು ಪಾಠವಿದ್ದಿತು. ಅಚ್ಚು ಬಂದು ಆ ಪಾಠಗಳಲ್ಲಿ ಒಂದನ್ನು ಎತ್ತಿ ಹಿಡಿದು ಉಳಿದುವನ್ನು ಅಟ್ಟಕ್ಕೇರಿಸಿತು. ಆದಕಾರಣ, ಜಾಲಪುಟವು ಬಂದು ಪಾಠವೈವಿಧ್ಯವನ್ನು ನುಂಗುತ್ತಿದೆಯೆಂದು ಇಂದು ದುಃಖಿಸುವವರು ಆ ನುಂಗುವ ಕೆಲಸಕ್ಕೆ ಮೊದಲು ಕೈಹಾಕಿದ್ದು ಅಚ್ಚೇ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪುಸ್ತಕವೆಂಬ ವಸ್ತುವೇ ಒಂದು ಕಾಲದಲ್ಲಿ ಸಂಶಯಕ್ಕೆ ಪಾತ್ರವಾಗಿತ್ತು. ಪಾಣಿನೀಯ ಶಿಕ್ಷೆಯು ಅಧಮಪಾಠಕರನ್ನು ಎಣಿಸುವಾಗ ಬರೆದುದನ್ನು ನೋಡಿಕೊಂಡು ಓದುವವನನ್ನೂ ಆ ಗುಂಪಿಗೇ ಸೇರಿಸಿದೆ.

ಹಾಗಾದರೆ ಅಚ್ಚಿನ ಪುಸ್ತಕದಲ್ಲಿ ನಿಜವಾಗಿ ಬೆಲೆಯುಳ್ಳದ್ದು ಯಾವುದು? ಅಚ್ಚಾದ ಅಕ್ಷರವಲ್ಲ, ಬಳಸಿದವನ ಕೈ ಬಿದ್ದ ಪ್ರತಿ. ಹಳೆಯ ಭಾಗವತನೊಬ್ಬನ ಮನೆಯಲ್ಲಿರುವ ಪ್ರಸಂಗಪುಸ್ತಕವನ್ನು ತೆರೆದು ನೋಡಿದವರಿಗೆ ಈ ಮಾತು ವಿಶದವಾಗುತ್ತದೆ. ಒಂದು ಪ್ರಸಂಗದಲ್ಲಿ ನೂರಾರು ಪದ್ಯಗಳಿರುತ್ತವೆ. ಒಂದು ಸಂಜೆಯ ತಾಳಮದ್ದಳೆಗೆ ಮೂವತ್ತೋ ನಲವತ್ತೋ ಸಾಕು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಭಾಗವತಿಕೆಯ ಅರ್ಧಭಾಗ. ಅದು ಪುಸ್ತಕದ ಅಂಚಿನಲ್ಲಿ ಸೀಸದ ಕಡ್ಡಿಯ ಗುರುತುಗಳಾಗಿ ಉಳಿಯುತ್ತದೆ. ಒಂದು ಪದ್ಯಕ್ಕೆ ಸುತ್ತು, ಒಂದಕ್ಕೆ ಅಡ್ಡಗೆರೆ. ‘ಇಲ್ಲಿಂದ ಬಿಡು’ ಎಂಬ ಬರೆಹ. ಅಚ್ಚಾದ ರಾಗದ ಹೆಸರನ್ನು ಹೊಡೆದು ಮೇಲೆ ಬರೆದ ಬೇರೊಂದು ರಾಗ. ಎರಡು ಪದ್ಯಗಳ ಅನುಕ್ರಮವನ್ನು ತಿರುಗಿಸಿದ ಅಂಕೆಗಳೂ ಉಂಟು. ತಪ್ಪಚ್ಚನ್ನು ತಿದ್ದಿದ ಕಡೆ ತಿದ್ದಿದವನ ಛಂದೋಜ್ಞಾನವೂ ಕಾಣುತ್ತದೆ. ರಕ್ಷಾಪತ್ರದ ಖಾಲಿಯಲ್ಲಿ ಯಾವ ಊರಿನಲ್ಲಿ ಯಾವ ತಿಥಿಯಂದು ಕೂಟವಾಯಿತು, ಯಾರು ಯಾವ ಪಾತ್ರವನ್ನು ವಹಿಸಿದರು ಎಂಬ ಟಿಪ್ಪಣಿ. ಅದರ ಕೆಳಗೆ ಅಡಕೆಯ ಲೆಕ್ಕ. ಮಗನು ತಂದೆಯ ಪ್ರತಿಯನ್ನು ಹಿಡಿದು ಹಾಡುವಾಗ ಈ ಗುರುತುಗಳೇ ಅವನಿಗೆ ಗುರು. ಅದೇ ಪ್ರಸಂಗದ ಹೊಸ ಪುಸ್ತಕವನ್ನು ಪೇಟೆಯಿಂದ ತಂದುಕೊಂಡವನಿಗೆ ಈ ಭಾಗ್ಯವಿಲ್ಲ. ಒಂದೇ ಅಚ್ಚಿನ ನೂರು ಪ್ರತಿಗಳು ಬಳಕೆಯಿಂದ ನೂರು ಗ್ರಂಥಗಳಾಗಿ ಪರಿಣಮಿಸಿದುವೆಂದರೆ ಅತಿಶಯೋಕ್ತಿಯಲ್ಲ. ಓಲೆಯ ಕಾಲದ ಪಾಠವೈವಿಧ್ಯವನ್ನು ಅಚ್ಚು ಅಳಿಸಿದರೂ ಅಂಚಿನ ಬಿಳಿಯ ಜಾಗದಲ್ಲಿ ಅದು ಮರಳಿ ಮೊಳೆಯಿತು.

ಇನ್ನು ಜಾಲದ ಪಕ್ಷವನ್ನು ನೋಡೋಣ. ಅದರ ಉಪಕಾರವನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಮುದ್ರಕನಿಗೆ ಲಾಭ ಕಾಣದ ಪ್ರಸಂಗವು ಎರಡನೆಯ ಮುದ್ರಣವನ್ನು ಕಾಣದೆ ಹೋಗುತ್ತಿದ್ದ ಕಾಲದಲ್ಲಿ, ಇದ್ದ ಒಂದೆರಡು ಪ್ರತಿಗಳನ್ನೂ ಮಲೆನಾಡಿನ ತೇವವೂ ಗೆದ್ದಲೂ ಬೆಳ್ಳಿಮೀನೆಂಬ ಹುಳುವೂ ಹಂಚಿಕೊಳ್ಳುತ್ತಿದ್ದುವು. ಯಕ್ಷವಾಹಿನಿ ಎಂಬ ಸಂಸ್ಥೆಯ ಉತ್ಸಾಹಿಗಳು ಹಳೆಯ ಪ್ರಸಂಗಗಳನ್ನು ಸಂಗ್ರಹಿಸಿ, ಛಾಯಾಪ್ರತಿಗಳಾಗಿಯೂ ಹೊಸದಾಗಿ ಟಂಕಿಸಿದ ಪಾಠಗಳಾಗಿಯೂ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿರುವುದು ಈ ಕಲೆಯ ಚರಿತ್ರೆಯಲ್ಲಿ ದೊಡ್ಡ ಘಟನೆಯೆಂದೇ ಎಣಿಸಬೇಕು. ಕೊಪ್ಪದಿಂದ ಓದಿಗಾಗಿ ಬೆಂಗಳೂರಿಗೆ ಹೋದ ಹುಡುಗನಿಗೂ, ಭಾಗವತರಿಲ್ಲದ ಮನೆಯಲ್ಲಿ ಹುಟ್ಟಿ ಹಾಡಬೇಕೆಂಬ ಆಸೆಯುಳ್ಳವನಿಗೂ, ಅಟ್ಟದ ಮೇಲಣ ಪುಸ್ತಕವನ್ನು ಕೇಳಿ ಪಡೆಯಲು ಸಂಕೋಚವಿದ್ದ ಮನೆಯ ಹೆಣ್ಣುಮಕ್ಕಳಿಗೂ ಪ್ರಸಂಗವು ಈಗ ಒಂದೇ ಅಂತರದಲ್ಲಿದೆ. ಇಂದು ಮಹಿಳೆಯರ ತಾಳಮದ್ದಳೆಯ ಕೂಟಗಳು ನಡೆಯುತ್ತಿರುವುದಕ್ಕೆ ಇದೊಂದೇ ಕಾರಣವಲ್ಲದಿದ್ದರೂ ಇದೂ ಒಂದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಪುಸ್ತಕದ ಪಕ್ಷದವರು ಸಂಪ್ರದಾಯವೆಂದು ಕರೆಯುವುದರಲ್ಲಿ ಸ್ವಲ್ಪಾಂಶವು ಕೇವಲ ಬೀಗದ ಕೈಯಾಗಿತ್ತು.

ಜಾಲದಲ್ಲಿಟ್ಟದ್ದು ಶಾಶ್ವತವೆಂಬ ಭ್ರಮೆ ಮಾತ್ರ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಬೆಳೆದ ಭಾರತೀಯ ಡಿಜಿಟಲ್ ಗ್ರಂಥಾಲಯವು ಲಕ್ಷಗಟ್ಟಲೆ ಪುಸ್ತಕಗಳ ಛಾಯಾಪ್ರತಿಗಳನ್ನು ಸಂಗ್ರಹಿಸಿ, ಹಕ್ಕುಸ್ವಾಮ್ಯದ ಆಕ್ಷೇಪಗಳ ನಡುವೆ 2017ರಲ್ಲಿ ಬಾಗಿಲು ಮುಚ್ಚಿತು. ಇಂಟರ್ನೆಟ್ ಆರ್ಕೈವ್ ಎಂಬ ಅಮೆರಿಕದ ಸಂಸ್ಥೆಯು ಅವುಗಳಲ್ಲಿ ಅನೇಕವನ್ನು ಮೊದಲೇ ನಕಲು ಮಾಡಿಟ್ಟುಕೊಂಡಿದ್ದುದರಿಂದ ಕನ್ನಡದ ಹಲವು ಹಳೆಯ ಮುದ್ರಣಗಳು ಇಂದಿಗೂ ಓದಲು ದೊರೆಯುತ್ತಿವೆ. ಅಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿರುವ ಕಡೆ ಬೇಕಾದ ಗ್ರಂಥವನ್ನು ಹುಡುಕುವುದೇ ಒಂದು ಗಮಕವಾದ್ದರಿಂದ, ಇದ್ದೂ ಇಲ್ಲದಂತಿರುವ ಪುಸ್ತಕಗಳಿಗೆ ಕೊರತೆಯಿಲ್ಲ.

ವಿಮರ್ಶಕನು ಹೆಚ್ಚು ನಿಲ್ಲಬೇಕಾದ ಸ್ಥಳ ಪಾಠದ ವಿಚಾರ. ಜಾಲಪುಟದಲ್ಲಿ ದೊರೆಯುವ ಪ್ರಸಂಗಗಳು ಎರಡು ವಿಧ. ಮೊದಲನೆಯದು ಅಚ್ಚಿನ ಪುಟದ ಛಾಯಾಪ್ರತಿ. ಇದರಲ್ಲಿ ತಪ್ಪಿದ್ದರೆ ಅದು ಅಚ್ಚಿನವನ ತಪ್ಪು. ಮುಖಪುಟವೂ ಜೊತೆಗಿದ್ದರೆ ಮುದ್ರಣದ ಕಾಲವೂ ತಿಳಿಯುತ್ತದೆ. ಎರಡನೆಯದು ಟಂಕಿಸಿದ ಪಾಠ. ಶಬ್ದವನ್ನು ಹುಡುಕುವುದಕ್ಕೂ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವುದಕ್ಕೂ ಒದಗುವುದು ಇದೇ. ಆದುದರಿಂದ ಹವ್ಯಾಸಿಗಳು ಇದನ್ನೇ ಹೆಚ್ಚಾಗಿ ಬಯಸುತ್ತಾರೆ. ಅಪಾಯವಿರುವುದೂ ಇದರಲ್ಲಿಯೇ. ಯುನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಬಹುಕಾಲ ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಟಂಕಿಸುವ ರೂಢಿ ನಡೆದುಬಂದಿತು. ಅವನ್ನು ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನಪಲ್ಲಟವಾಗುವುದುಂಟು. ಅನುಸ್ವಾರದ ಬದಲು ಸೊನ್ನೆಯ ಅಂಕೆಯನ್ನು ಒತ್ತಿದರೆ ಕಣ್ಣಿಗೆ ಭೇದವೇ ತೋರುವುದಿಲ್ಲ; ಆದರೆ ಹುಡುಕುವ ಯಂತ್ರಕ್ಕೆ ಆ ಶಬ್ದವು ಸತ್ತಂತೆಯೇ. ‘ಧನ’ವು ‘ದನ’ವಾಗುವುದು, ‘ಕದನ’ವು ‘ಕಥನ’ವಾಗುವುದು ಅಚ್ಚಿನಲ್ಲಿಯೂ ಇದ್ದ ರೋಗವೇ. ಅಚ್ಚಿನ ಪುಸ್ತಕದ ಕಡೆಯಲ್ಲಿ ಒಪ್ಪೋಲೆಯನ್ನಾದರೂ ಸೇರಿಸುವ ಮರ್ಯಾದೆಯಿದ್ದಿತು.

ಷಟ್ಪದಿಯಲ್ಲಿ ಇಂತಹ ದೋಷವು ಬಹುಕಾಲ ಅಡಗಿರಲಾರದು. ಭಾಮಿನಿಯಾದರೆ ಮೊದಲನೆಯ ಪಾದಕ್ಕೆ ಮೂರು ನಾಲ್ಕು ಮೂರು ನಾಲ್ಕೆಂದು 14 ಮಾತ್ರೆ, ಮೂರನೆಯದಕ್ಕೆ ಕಡೆಯ ಗುರು ಸೇರಿ 23. ವಾರ್ಧಕವಾದರೆ ಐದರ ಗಣಗಳಲ್ಲಿ ಅದು 20 ಮತ್ತು 32. ಎರಡನೆಯ ಅಕ್ಷರದ ಪ್ರಾಸವೂ ಕಾವಲಿರುತ್ತದೆ. ಒಂದಕ್ಷರ ಬಿದ್ದುಹೋದರೆ ಛಂದಸ್ಸು ತಾನೇ ಕುಂಟಿ ತೋರಿಸಿಕೊಡುತ್ತದೆ. ಹಾಡಿನ ವಿಷಯವು ಹಾಗಲ್ಲ. ತಾಳದ ಆವರ್ತದಲ್ಲಿ ಅಕ್ಷರವನ್ನು ಎಳೆಯುವುದಕ್ಕೂ ಒತ್ತುವುದಕ್ಕೂ ಅವಕಾಶವಿರುವುದರಿಂದ ಬಿಟ್ಟುಹೋದ ಮಾತ್ರೆಯನ್ನು ಕಂಠವು ತುಂಬಿಬಿಡುತ್ತದೆ. ತಪ್ಪು ಮಾತ್ರ ಹಾಗೆಯೇ ನಿಲ್ಲುತ್ತದೆ. ರಾಗತಾಳಗಳ ಹೆಸರಿನಲ್ಲಿ ಆಗುವ ತಪ್ಪಂತೂ ಯಾವ ಲಕ್ಷಣಶಾಸ್ತ್ರದಿಂದಲೂ ಹೊರಬೀಳುವುದಿಲ್ಲ. ಹಾಡಿನ ತಲೆಯಲ್ಲಿ ಅಷ್ಟವೆಂದಿದ್ದುದು ಟಂಕಿಸುವವನ ಕಣ್ತಪ್ಪಿನಿಂದ ಏಕವಾದರೆ, ಹಾಡಿ ಬಲ್ಲವನು ನಕ್ಕು ತಿದ್ದಿಕೊಳ್ಳುವನು. ಜಾಲಪುಟವನ್ನೇ ಗುರುವೆಂದು ನಂಬಿದವನು ಅದನ್ನೇ ಸಾಧಿಸುವನು. ಪ್ರಸಂಗದ ಹೆಚ್ಚಿನ ಭಾಗವು ಹಾಡುಗಳೇ ಆಗಿರುವುದರಿಂದ, ಕಾವಲಿಲ್ಲದ ಭಾಗವೇ ಇಲ್ಲಿ ದೊಡ್ಡದು.

ಎರಡು ಮುದ್ರಣಗಳಿಂದ ಚೆನ್ನಾಗಿ ಕಂಡ ಪಾಠಗಳನ್ನು ಆಯ್ದು ಒಂದಾಗಿ ಟಂಕಿಸಿ, ಆಯ್ದುದನ್ನು ಎಲ್ಲಿಯೂ ಹೇಳದೆ ಇರುವ ರೂಢಿಯು ಇದಕ್ಕಿಂತ ಕೆಟ್ಟದ್ದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟವಾದದ್ದು 1964ರಲ್ಲಿ. ಸಂಕರಪಾಠವು ಎಂತಹ ತೊಡಕೆಂಬುದು ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ತಿಳಿಯದ್ದಲ್ಲ. ಹವ್ಯಾಸಿಯು ಅದನ್ನು ಓದಿರಬೇಕೆಂದು ನಿರೀಕ್ಷಿಸುವುದು ತಪ್ಪಾಗಬಹುದು. ಆದರೆ ‘ಇಂಥ ಮುದ್ರಣ, ಇಂಥ ವರ್ಷ, ಇಷ್ಟು ಪುಟ ಇಲ್ಲ’ ಎಂಬ ಒಂದು ಸಾಲನ್ನು ತಲೆಯಲ್ಲಿ ಬರೆಯುವುದಕ್ಕೆ ಪಾಂಡಿತ್ಯವೇನೂ ಬೇಕಾಗಿಲ್ಲ.

ಸ್ಥಳೀಯವಾದ ಒಂದು ಉದಾಹರಣೆಯನ್ನು ಗಮನಿಸಬಹುದು. ನರಸಿಂಹರಾಜಪುರದ ಪೂರ್ವದ ಹೆಸರು ಎಡೆಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ಊರಿಗೆ ಈಗಿನ ಹೆಸರು ಬಂದುದು 1915ರಲ್ಲಿ. (ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದುದೂ ಆ ವರ್ಷವೇ.) ಒಂದು ಕೈಬರೆಹದ ಪ್ರಸಂಗದ ಅಂತ್ಯದಲ್ಲಿ ನಕಲು ಮಾಡಿದವನು ತನ್ನ ಊರನ್ನು ಎಡೆಹಳ್ಳಿಯೆಂದು ಬರೆದಿದ್ದರೆ, ತೇದಿಯಿಲ್ಲದಿದ್ದರೂ ಅದು ಆ ವರ್ಷಕ್ಕೆ ಹಿಂದಿನದೋ ಅಥವಾ ಹಳೆಯ ಹೆಸರು ಬಾಯಲ್ಲಿ ಉಳಿದಿದ್ದ ಅನಂತರದ ಕೆಲವು ವರ್ಷಗಳದೋ ಆಗಿರಬೇಕೆಂದು ಊಹಿಸಬಹುದು. ಟಂಕಿಸುವವನು ಓದುಗರಿಗೆ ಸುಲಭವಾಗಲೆಂದು ಅದನ್ನು ನರಸಿಂಹರಾಜಪುರವೆಂದು ತಿದ್ದಿದನೋ, ಆ ಪ್ರತಿಯ ಕಾಲವನ್ನು ತಿಳಿಯುವ ಏಕಮಾತ್ರ ಸಾಧನವು ನಾಶವಾಯಿತು. ಗ್ರಂಥಾಂತ್ಯದ ಇಂಥ ಸಾಲುಗಳನ್ನು ‘ಪ್ರಸಂಗಕ್ಕೆ ಸೇರಿದುದಲ್ಲ’ವೆಂದು ಪೂರ್ತಿಯಾಗಿ ಬಿಟ್ಟುಬಿಡುವವರೂ ಇದ್ದಾರೆ. ಅದು ಇನ್ನೂ ಸುಲಭ.

ಇದುವರೆಗೆ ಹೇಳಿದುದೆಲ್ಲ ಪದ್ಯದ ಮಾತಾಯಿತು. ತಾಳಮದ್ದಳೆಯ ಜೀವವಿರುವುದು ಅರ್ಥದಲ್ಲಿ. ಅಚ್ಚಿನ ಪ್ರಸಂಗವು ಅರ್ಥವನ್ನು ಕುರಿತು ಮೌನವಾಗಿತ್ತೆಂದು ಮೇಲೆಯೇ ಹೇಳಿದೆ. ಆ ಮೌನವು ಕೊರತೆಯಂತೆ ತೋರುತ್ತದೆ. ಪರಿಶೀಲಿಸಿದರೆ ಹವ್ಯಾಸಿಯನ್ನು ವಿದ್ವಾಂಸನನ್ನಾಗಿ ಮಾಡಿದ್ದು ಅದೇ. ಸುಧನ್ವನ ಅರ್ಥವನ್ನು ಹೇಳಬೇಕಾದವನಿಗೆ ಪ್ರಸಂಗಪುಸ್ತಕದಲ್ಲಿ ಮಾತು ದೊರೆಯದಿದ್ದುದರಿಂದ ಅವನು ಲಕ್ಷ್ಮೀಶನ ಜೈಮಿನಿಭಾರತವನ್ನು ಬಿಡಿಸಬೇಕಾಯಿತು. ಲಕ್ಷ್ಮೀಶನ ದೇವನೂರು ಇದೇ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿದೆ. ಮಲೆನಾಡಿನ ಮನೆಗಳಲ್ಲಿ ಜೈಮಿನಿಯನ್ನು ರಾಗವಾಗಿ ಓದುವ ರೂಢಿಯೂ ಇದ್ದಿತು. ಕೃಷ್ಣಸಂಧಾನಕ್ಕೆ ಕುಮಾರವ್ಯಾಸನ ಉದ್ಯೋಗಪರ್ವ. ವಾಲಿಯ ಆಕ್ಷೇಪಕ್ಕೆ ತೊರವೆ ರಾಮಾಯಣ, ಅಷ್ಟರಲ್ಲಿ ತೃಪ್ತಿಯಾಗದವನಿಗೆ ವಾಲ್ಮೀಕಿಯ ಕಿಷ್ಕಿಂಧಾಕಾಂಡ. ಧರ್ಮಸೂಕ್ಷ್ಮದ ಪ್ರಶ್ನೆಯಲ್ಲಿ ಎದುರಾಳಿಯು ಕಟ್ಟಿಹಾಕಿದರೆ ಮರುದಿನ ಊರಿನ ಶಾಸ್ತ್ರಿಗಳ ಮನೆಗೆ ಹೋಗಿ ಕೇಳಿಕೊಂಡು ಬರುವುದೂ ಉಂಟು. ಶೃಂಗೇರಿಯ ಸುತ್ತುಮುತ್ತ ಹಾಗೆ ಕೇಳಬಹುದಾದವರಿಗೆ ಬರವಿರಲಿಲ್ಲ. ಕಾಲೇಜಿನ ಮೆಟ್ಟಿಲನ್ನು ಹತ್ತದ ತೋಟದವನೊಬ್ಬನು ಷಟ್ಪದಿಕಾವ್ಯಗಳನ್ನು ಮೂಲದಲ್ಲಿಯೇ ಉದ್ಧರಿಸುವುದು ಈ ಸೀಮೆಯಲ್ಲಿ ಆಶ್ಚರ್ಯವಾಗದಿದ್ದುದರ ಕಾರಣ ಇದು.

ಜಾಲವು ಈ ಮೌನವನ್ನು ಮುರಿಯಿತು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಮತ್ತು ಮಲ್ಪೆಯ ಸಾಮಗರಂತಹ ಮಹಾ ಅರ್ಥಧಾರಿಗಳ ಕೂಟಗಳ ಧ್ವನಿಮುದ್ರಿಕೆಗಳು ಹಿಂದೆ ಕ್ಯಾಸೆಟ್ಟುಗಳಾಗಿ ಹರಡಿದ್ದುವು. ಈಗ ಯಾವ ಹೊತ್ತಿನಲ್ಲಿಯಾದರೂ ಯಾರಿಗಾದರೂ ಕೇಳಲು ಸಿಗುತ್ತವೆ. ಇದನ್ನು ನಷ್ಟವೆನ್ನುವವನು ರಸಿಕನಲ್ಲ. ಆದರೆ ಕಲಿಯುವವನು ಅದನ್ನು ಬಳಸುವ ರೀತಿಯನ್ನು ನೋಡಬೇಕು. ಶೇಣಿಯವರ ಅರ್ಥದ ಹಿರಿಮೆಯು ಎದುರಿಗೆ ಕುಳಿತವನ ಮಾತಿಗೆ ಆ ಕ್ಷಣದಲ್ಲಿ ಹುಟ್ಟಿದ ಉತ್ತರದಲ್ಲಿತ್ತು. ಆ ಉತ್ತರವನ್ನು ಕಂಠಪಾಠ ಮಾಡಿದವನು, ಎದುರಾಳಿಯು ಆ ಪ್ರಶ್ನೆಯನ್ನು ಕೇಳದೆ ಇದ್ದರೂ ಉತ್ತರವನ್ನು ಕೊಟ್ಟುಬಿಡುತ್ತಾನೆ! ಎರಡು ಬದಿಯವರೂ ಒಂದೇ ಮುದ್ರಿಕೆಯನ್ನು ಕೇಳಿ ಬಂದಿದ್ದರೆ ಕೂಟವು ಸುಗಮವಾಗಿ ನಡೆಯುತ್ತದೆ, ಆದರೆ ಅದು ತಾಳಮದ್ದಳೆಯಲ್ಲ, ಕಂಠಸ್ಥವಾದ ನಾಟಕ. ಭಾಗವತಿಕೆಯಲ್ಲಿಯೂ ಹೀಗೆಯೇ. ಪ್ರಸಿದ್ಧರಾದ ಕರಾವಳಿಯ ಭಾಗವತರ ಪದ್ಯದ ಆಯ್ಕೆ, ರಾಗದ ಬದಲಾವಣೆ, ನಿಲುಗಡೆಗಳು ಎಲ್ಲ ಕಡೆಗೂ ಒಂದೇ ಅಚ್ಚಿನಂತೆ ಒತ್ತಲ್ಪಡುತ್ತಿವೆ. ಕೊಪ್ಪದ ಕಡೆಯ ಮನೆಯೊಂದರಲ್ಲಿ ಬಿಡದೆ ಹಾಡುತ್ತಿದ್ದ ಪದ್ಯವನ್ನು ಮುದ್ರಿಕೆಯಲ್ಲಿಲ್ಲವೆಂಬ ಕಾರಣದಿಂದ ಮೊಮ್ಮಗನು ಬಿಟ್ಟರೆ, ಆ ಪದ್ಯವು ಪುಸ್ತಕದಲ್ಲಿಯೂ ಜಾಲದಲ್ಲಿಯೂ ಇದ್ದುಕೊಂಡೇ ಬಾಯಿಂದ ಮರೆಯಾಗುತ್ತದೆ.

ಇದಕ್ಕೆ ಹೀಗೊಂದು ಆಕ್ಷೇಪವನ್ನು ಮಾಡಬಹುದು: ಮೊದಲು ಮನೆಯ ಹಿರಿಯನನ್ನು ಅನುಕರಿಸುತ್ತಿದ್ದವನು ಈಗ ಶೇಣಿಯವರನ್ನು ಅನುಕರಿಸುತ್ತಾನೆ, ಇದರಲ್ಲಿ ನಷ್ಟವೇನು, ಲಾಭವೇ ಅಲ್ಲವೆ? ಆಕ್ಷೇಪದಲ್ಲಿ ಸತ್ತ್ವವಿದೆ. ಮಂದಪ್ರತಿಭನಾದ ಹಿರಿಯನ ಅನುಕರಣಕ್ಕಿಂತ ಮಹಾಪ್ರತಿಭನ ಅನುಕರಣ ಮೇಲೇ. ಆದರೆ ಹಿರಿಯನು ತಿದ್ದುತ್ತಿದ್ದನು, ಗದರುತ್ತಿದ್ದನು, ‘ನಿನ್ನೆ ಹೇಳಿದುದನ್ನೇ ಇಂದೂ ಹೇಳಿದೆ’ ಎಂದು ಹಂಗಿಸುತ್ತಿದ್ದನು. ಮುದ್ರಿಕೆಯು ಯಾರನ್ನೂ ಹಂಗಿಸುವುದಿಲ್ಲ. ಅದನ್ನು ಕೇಳಿದವನು ಒಂದು ದಿನ ಜೈಮಿನಿಯನ್ನು ತೆರೆದನಾದರೆ ಲಾಭ ನಿಜವೇ ಆಯಿತು. ತೆರೆಯಬೇಕೆಂಬ ನಿರ್ಬಂಧ ಮಾತ್ರ ಈಗ ಇಲ್ಲ.

ಶಾಸ್ತ್ರಗ್ರಂಥಗಳ ಪರಿಸ್ಥಿತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಶಂಕರಭಗವತ್ಪಾದರ ಗ್ರಂಥಗಳನ್ನು ಶೃಂಗೇರಿಯ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳ ಪ್ರೇರಣೆಯಿಂದ ಶ್ರೀರಂಗದ ವಾಣೀವಿಲಾಸ ಮುದ್ರಣಾಲಯವು 1910ರಲ್ಲಿ 20 ಸಂಪುಟಗಳಾಗಿ ಹೊರತಂದಿತು. ಈಗ ಶೃಂಗೇರಿ ಮಠದ ಆಶ್ರಯದಲ್ಲಿಯೇ ‘ಅದ್ವೈತ ಶಾರದಾ’ ಎಂಬ ಜಾಲತಾಣವು ಭಾಷ್ಯಗಳನ್ನು ಶಬ್ದಶೋಧನೆಗೆ ಅನುಕೂಲವಾಗುವಂತೆ ಒದಗಿಸಿದೆ. ಅಚ್ಚಾಗಲಿ ಜಾಲವಾಗಲಿ, ಅಲ್ಲಿ ಪಾಠಕ್ಕೆ ಹೊಣೆಗಾರರಿದ್ದಾರೆ. ತಪ್ಪು ಕಂಡರೆ ಹೇಳಿಕೊಳ್ಳಲು ಒಂದು ಸ್ಥಳವಿದೆ. ಪಾಠವನ್ನು ಗುರುಮುಖದಿಂದ ಕೇಳಿದವರು ಇನ್ನೂ ಇದ್ದಾರೆ. ಅದೇ ಊರಿನ ಬೀದಿಯಲ್ಲಿ ಹಾಡುವ ಪ್ರಸಂಗಕ್ಕೆ ಮಠವೂ ಇಲ್ಲ, ವಿದ್ಯಾಪೀಠವೂ ಇಲ್ಲ. ಪಾರ್ತಿಸುಬ್ಬನ ಯಕ್ಷಗಾನಗಳನ್ನು ಕುಕ್ಕಿಲ ಕೃಷ್ಣಭಟ್ಟರು ಸಂಪಾದಿಸಿ 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದಂತಹ ಉದಾಹರಣೆಗಳು ಬೆರಳೆಣಿಕೆಯವು. ವಿನೋದದ ವಿದ್ಯೆಯ ಭಾರವು ವಿನೋದಿಗಳ ಮೇಲೆಯೇ ಬಿದ್ದಿದೆ. ಅವರ ಸಂಪಾದನೆಯ ದೋಷಗಳನ್ನು ಎತ್ತಿ ತೋರಿಸುವ ವಿದ್ವಾಂಸರು, ಇಷ್ಟು ಕಾಲ ಆ ಕೆಲಸಕ್ಕೆ ತಾವೇಕೆ ಕೈಹಾಕಲಿಲ್ಲವೆಂಬುದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಇಷ್ಟನ್ನು ವಿಚಾರಿಸಿದ ಮೇಲೆ, ಜಾಲದಲ್ಲಿ ಪ್ರಸಂಗವನ್ನಿರಿಸುವವರು ಪಾಲಿಸಬಹುದಾದ ಕ್ರಮವೇನೆಂಬುದನ್ನು ಹೇಳುವುದು ಅಸಂಗತವಾಗಲಾರದು. ಟಂಕಿಸಿದ ಪಾಠದ ಪಕ್ಕದಲ್ಲಿ ಅದಕ್ಕೆ ಮೂಲವಾದ ಪುಟದ ಛಾಯಾಪ್ರತಿಯನ್ನೂ ಇರಿಸಿದರೆ, ಸಂದೇಹ ಬಂದವನು ತಾನೇ ನೋಡಿಕೊಳ್ಳುವನು. ಅಚ್ಚಿನ ಪುಸ್ತಕಕ್ಕೆ ಎಂದೂ ಸಾಧ್ಯವಾಗದ ಅನುಕೂಲವಿದು. ತಿದ್ದುವುದಾದರೆ ಮೂಲದ ಅಕ್ಷರವನ್ನೂ ಉಳಿಸಿ ತಿದ್ದಬೇಕು. ರಾಗತಾಳಗಳ ಹೆಸರನ್ನಂತೂ ಮೂಲದಲ್ಲಿದ್ದಂತೆಯೇ ಬಿಡಬೇಕು. ಇಂದಿನ ಬಳಕೆಯು ಬೇರೆಯಾಗಿದ್ದರೆ ಬೇರೆಯಾಗಿ ಹೇಳಿದರಾಯಿತು.

ಇದಕ್ಕಿಂತಲೂ ಅವಶ್ಯವಾದ ಕೆಲಸವು ಆಯ್ಕೆಗೆ ಸಂಬಂಧಿಸಿದ್ದು. ಛಾಯಾಪ್ರತಿ ತೆಗೆಯುವವರು ಸಹಜವಾಗಿಯೇ ಶುಭ್ರವಾದ ಪ್ರತಿಯನ್ನು ಹುಡುಕುತ್ತಾರೆ. ಗೀಚಿದ ಪ್ರತಿಯನ್ನು ಬದಿಗಿಡುತ್ತಾರೆ. ಅನಿವಾರ್ಯವಾಗಿ ಅದನ್ನೇ ತೆಗೆಯಬೇಕಾಗಿ ಬಂದರೆ ಅಂಚನ್ನು ಕತ್ತರಿಸಿ, ಗುರುತುಗಳನ್ನು ಯಂತ್ರದಿಂದ ತೊಳೆದು, ಅಕ್ಷರ ಮಾತ್ರ ಕಾಣುವಂತೆ ಮಾಡುತ್ತಾರೆ. ಶುಭ್ರವಾದ ಪ್ರತಿಯು ಎಲ್ಲಿಯೂ ದೊರೆಯಬಹುದಾದದ್ದು. ಗೀಚಿದ ಪ್ರತಿ ಆ ಮನೆಯಲ್ಲಿ ಮಾತ್ರ ಇರುವಂಥದು. ಅದರಲ್ಲಿಯೂ ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ಕಾಲವು ಅನುಕೂಲವಾಗಿಲ್ಲ. ಹಿಂದೆ ಪುಸ್ತಕಗಳು ಇರುತ್ತಿದ್ದುದು ಅಡಿಗೆಯ ಒಲೆಯ ಹೊಗೆ ತಾಗುವ ಅಟ್ಟದಲ್ಲಿ; ಹೊಗೆಯಿಂದ ಕಾಗದವು ಕಂದಿದರೂ ಹುಳು ಬೀಳುತ್ತಿರಲಿಲ್ಲ, ಆಷಾಢದ ತೇವವೂ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಹೆಂಚಿನ ಮನೆಗಳು ತಾರಸಿಯ ಮನೆಗಳಾಗಿ, ಸೌದೆಯೊಲೆಯ ಸ್ಥಾನಕ್ಕೆ ಅನಿಲದೊಲೆ ಬಂದ ಮೇಲೆ ಅಟ್ಟವೂ ಇಲ್ಲ, ಹೊಗೆಯೂ ಇಲ್ಲ. ಮನೆಯನ್ನು ಕೆಡವಿ ಕಟ್ಟುವಾಗ ಹೊರಬಿದ್ದ ಪುಸ್ತಕಗಳು ಗೋಣಿಯ ಚೀಲದಲ್ಲಿ ಕೊಟ್ಟಿಗೆಯನ್ನು ಸೇರಿ, ಒಂದೆರಡು ಮಳೆಗಾಲಗಳಲ್ಲಿ ಮುದ್ದೆಯಾಗುತ್ತವೆ. ಕರಾವಳಿಯ ಮೇಳಗಳ ತಿರುಗಾಟವು ವೃಷಭಮಾಸದ ಪತ್ತನಾಜೆಗೆ ಮುಗಿಯುತ್ತದೆ, ಮಲೆನಾಡಿನ ಕೂಟಗಳು ಅನಂತರ ಪ್ರಾರಂಭವಾಗುತ್ತವೆ. ಅಂಚಿನ ಗುರುತು, ರಕ್ಷಾಪತ್ರದ ಟಿಪ್ಪಣಿ, ಅಡಕೆಯ ಲೆಕ್ಕ ಇವುಗಳಲ್ಲಿ ಯಾವುದನ್ನೂ ಕತ್ತರಿಸದೆ ಈ ಪ್ರತಿಗಳ ಛಾಯೆಯನ್ನು ತೆಗೆದುಕೊಳ್ಳುವುದಕ್ಕೆ, ಮತ್ತು ಗುರುತು ಮಾಡಿದವರು ಇನ್ನೂ ಬದುಕಿದ್ದರೆ ಅದರ ಅರ್ಥವನ್ನು ಕೇಳಿ ಬರೆದುಕೊಳ್ಳುವುದಕ್ಕೆ, ಮಳೆ ಹಿಡಿಯುವ ಮುಂಚಿನ ಆ ಒಂದೆರಡು ವಾರಗಳೇ ತಕ್ಕ ಕಾಲ.